ಚಕ್ಕುಲಿ ಮಾರಲು ಹೋಗಿ ತಕ್ಕಡಿ ಹಿಡಿದೆ

ನಮ್ಮತ್ತೆ ಚಕ್ಕುಲಿ ಹಿಟ್ಟನ್ನು ಯಾವತ್ತೂ ತೂಗಿದವರಲ್ಲ. ಒಂದು ಹಳೇ ಪಾವು, ಅವರ ಅಂಗೈ, ಅಷ್ಟೇ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಹುರಿದ ಉದ್ದಿನಬೇಳೆ. ಬೆಣ್ಣೆ "ಹಿಟ್ಟು ಕೇಳಿದಷ್ಟು". ಎಳ್ಳು "ಕೈಗೆ ಬಂದಷ್ಟು". ಚಕ್ಕುಲಿ ಬೆಂದಿದೆಯಾ ಅಂತ ಅವರು ಕಣ್ಣಲ್ಲಿ ನೋಡುವುದೂ ಕಡಿಮೆ, ಕಿವಿಯಲ್ಲಿ ಕೇಳುತ್ತಿದ್ದರು. "ಸದ್ದು ಅಡಗಲಿ ಕಣೇ, ಆಮೇಲೆ ತೆಗಿ" ಅನ್ನುವುದು ಅವರ ಮಾತು. ಎಣ್ಣೆಯಲ್ಲಿ ಬರುವ ಆ ಗುಳ್ಳೆ, ಆ ಸೊಯ್ ಅನ್ನೋ ಸದ್ದು ಹಿಟ್ಟಿನ ನೀರು ಆವಿಯಾಗಿ ಹೋಗುತ್ತಿರುವ ಗುರುತು. ಸದ್ದು ನಿಂತರೆ ನೀರು ಹೋಯಿತು ಅಂತ ಅರ್ಥ. ಇದು ನನಗೆ ತಿಳಿದದ್ದು ತುಂಬಾ ಆಮೇಲೆ, ಅದೂ ನಷ್ಟ ಮಾಡಿಕೊಂಡು.

ನಾವಿರುವುದು ಶಿವಮೊಗ್ಗದಲ್ಲಿ. 2021ರ ಗೌರಿ ಹಬ್ಬಕ್ಕೆ ಅಕ್ಕಪಕ್ಕದ ಮನೆಯವರು "ನಿಮ್ಮತ್ತೆ ಕೈಯ ಚಕ್ಕುಲಿ ನಮಗೂ ಮಾಡಿಕೊಡಿ, ದುಡ್ಡು ಕೊಡ್ತೀವಿ" ಅಂದರು. ಹನ್ನೆರಡು ಕೆಜಿ ಮಾಡಿದೆವು. ಕೆಜಿಗೆ 240 ರೂಪಾಯಿ ಹೇಳಿದೆ. ಯಾಕೆ 240? ಬೀದಿ ಕೊನೆಯ ಬೇಕರಿಯಲ್ಲಿ 260 ಇತ್ತು, ಅದಕ್ಕೇ. ಬೇರೆ ಲೆಕ್ಕ ಏನೂ ಇರಲಿಲ್ಲ. ಹಬ್ಬ ಮುಗಿದಾಗ ಕೈಯಲ್ಲಿ 2,880 ರೂಪಾಯಿ ಇತ್ತು. ನಾನೇನೋ ದೊಡ್ಡ ವ್ಯಾಪಾರಸ್ಥೆ ಆಗಿಬಿಟ್ಟೆ ಅನ್ನಿಸಿತ್ತು.

ದೀಪಾವಳಿಗೆ ಮತ್ತೆ ಆರ್ಡರ್ ಬಂತು. ಆಗ ನಮ್ಮ ಯಜಮಾನರು ಒಂದು ಪ್ರಶ್ನೆ ಕೇಳಿದರು, "ಒಂದು ಕೆಜಿಗೆ ಎಣ್ಣೆ ಎಷ್ಟು ಹೋಗುತ್ತೆ?" ಉತ್ತರ ಗೊತ್ತಿರಲಿಲ್ಲ. ಎಣ್ಣೆ ಡಬ್ಬಿ ಖಾಲಿಯಾಗುತ್ತಿತ್ತು, ತರುತ್ತಿದ್ದೆವು. ಅವತ್ತೇ 900 ರೂಪಾಯಿ ಕೊಟ್ಟು ಡಿಜಿಟಲ್ ತಕ್ಕಡಿ ತಂದೆ. ಈ ವ್ಯವಹಾರದಲ್ಲಿ ನಾನು ಕೊಂಡ ಮೊದಲ ಸಾಮಾನು ಅದು. ಈಗ ಯಾರಾದರೂ "ಶುರು ಮಾಡೋಕೆ ಏನು ಬೇಕು" ಅಂತ ಕೇಳಿದರೆ ಕವರ್, ಮಷಿನ್ ಅಂತ ಹೇಳುವುದಿಲ್ಲ, ಮೊದಲು ತಕ್ಕಡಿ ತಗೊಳ್ಳಿ ಅಂತೀನಿ.

ಎರಡು ಕೆಜಿ ಅಕ್ಕಿ, ಅರ್ಧ ಕೆಜಿ ಉದ್ದು, ಕಾಲು ಕೆಜಿ ಬೆಣ್ಣೆ. ಬಾಣಲೆಗೆ ಹಾಕುವ ಮೊದಲು ಎಣ್ಣೆ ತೂಗಿದೆ, ಕರಿದ ಮೇಲೆ ಉಳಿದ ಎಣ್ಣೆ ತೂಗಿದೆ. ಮುಕ್ಕಾಲು ಕೆಜಿ ಎಣ್ಣೆ ಕಾಣೆ! ಅಷ್ಟೂ ಚಕ್ಕುಲಿಯೊಳಗೆ ಹೋಗಿತ್ತು. ಸಿದ್ಧವಾದ ಚಕ್ಕುಲಿ ಮೂರೂವರೆ ಕೆಜಿ, ಅಂದರೆ ಕಾಲು ಕೆಜಿಯ ಹದಿನಾಲ್ಕು ಪ್ಯಾಕೆಟ್.

ಆವತ್ತಿನ ಲೆಕ್ಕದ ಹಾಳೆ ಇನ್ನೂ ಇಟ್ಟುಕೊಂಡಿದ್ದೇನೆ. ಅಕ್ಕಿ 90, ಉದ್ದು 60, ಬೀಸಿಸಿದ್ದು 20, ಬೆಣ್ಣೆ 125, ಒಳಗೆ ಹೋದ ಎಣ್ಣೆ 130, ಎಳ್ಳು ಜೀರಿಗೆ ಇಂಗು ಉಪ್ಪು 40, ಗ್ಯಾಸ್ 50. ಕವರ್ ಮತ್ತು ಲೇಬಲ್‌ಗೆ 56. ಕೊನೆಗೆ ಚೆಲ್ಲಬೇಕಾದ ಎಣ್ಣೆಯ ಪಾಲು 60. ಇಷ್ಟಕ್ಕೇ 631 ಆಯಿತು. ಇಬ್ಬರು ಅರ್ಧ ದಿನ ನಿಂತಿದ್ದಕ್ಕೆ ಬರೀ 200 ರೂಪಾಯಿ ಕೂಲಿ ಹಿಡಿದರೂ 831. ಪ್ಯಾಕೆಟ್‌ಗೆ 59 ರೂಪಾಯಿ ಬಿತ್ತು. ನಾನು ಮಾರುತ್ತಿದ್ದದ್ದು 60ಕ್ಕೆ. ಗೌರಿ ಹಬ್ಬದ ಆ 2,880ರಲ್ಲಿ ಲಾಭ ಅಂತ ಇದ್ದದ್ದು ನಮ್ಮಿಬ್ಬರ ಬೆನ್ನುನೋವು ಮಾತ್ರ.

ಕೂಲಿ ಹಿಡಿದದ್ದಕ್ಕೆ ಅತ್ತೆ ನಕ್ಕರು. "ಮನೇಲಿ ಮಾಡೋದಕ್ಕೂ ಕೂಲಿನಾ?" ಅಂದರು. ಆದರೆ ಅದನ್ನು ಹಿಡಿಯದೇ ಹೋದರೆ ನಾಳೆ ಆರ್ಡರ್ ಜಾಸ್ತಿಯಾಗಿ ಇನ್ನೊಬ್ಬರನ್ನು ಕೆಲಸಕ್ಕೆ ಕರೆದ ದಿನವೇ ಅಂಗಡಿ ಮುಚ್ಚಬೇಕಾಗುತ್ತದೆ. ಬೆಲೆಯನ್ನು ಪ್ಯಾಕೆಟ್‌ಗೆ 80 ಮಾಡಿದೆ. ಇಬ್ಬರು ಗಿರಾಕಿಗಳು ಹೋದರು. ಉಳಿದವರು ಏನೂ ಅನ್ನಲಿಲ್ಲ.

ಆ ಡಿಸೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯಲ್ಲಿ ನೋಂದಣಿ ಮಾಡಿಸಿದೆ. ಒಬ್ಬರು ಏಜೆಂಟ್ ಮೂರು ಸಾವಿರ ಕೇಳಿದರು. ಫಾಸ್ಕಾಸ್ ಅನ್ನುವ ಸರ್ಕಾರಿ ಪೋರ್ಟಲ್‌ನಲ್ಲಿ ನಾನೇ ಕೂತು ಅರ್ಜಿ ಹಾಕಿದೆ. ಆಗ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರುವವರಿಗೆ ಲೈಸೆನ್ಸ್ ಬೇಕಿರಲಿಲ್ಲ, ನೋಂದಣಿ ಸಾಕಿತ್ತು. ಶುಲ್ಕ ವರ್ಷಕ್ಕೆ 100 ರೂಪಾಯಿ. ಐದು ವರ್ಷಕ್ಕೆ 500 ಕಟ್ಟಿದೆ. ಫೋಟೋ, ಗುರುತಿನ ಚೀಟಿ, ವಿಳಾಸ, ಏನೇನು ಮಾಡುತ್ತೀರಿ ಅನ್ನುವ ವಿವರ, ಇಷ್ಟೇ. ಹದಿನಾಲ್ಕು ಅಂಕಿಯ ನಂಬರ್ ಬಂತು. ಸಣ್ಣ ಉದ್ದಿಮೆಗಳಿಗೆ ಅಂತ ಇರುವ ಉದ್ಯಮ್ ನೋಂದಣಿಗಂತೂ ಒಂದು ಪೈಸೆಯೂ ಇಲ್ಲ. ಗ್ಯಾಸ್ ಕೂಡ ಬದಲಾಯಿಸಿದೆ. ಮನೆಯ ಕೆಂಪು ಸಿಲಿಂಡರ್‌ನಲ್ಲಿ ವ್ಯಾಪಾರದ ಅಡುಗೆ ಮಾಡುವ ಹಾಗಿಲ್ಲ, 19 ಕೆಜಿಯ ನೀಲಿ ಸಿಲಿಂಡರ್ ತರಿಸಿದೆ. ಕಾಗದಪತ್ರದ ಕೆಲಸ ಅಂದರೆ ಹೆದರಿಕೊಂಡಿದ್ದೆ, ಇಡೀ ವರ್ಷದಲ್ಲಿ ಸುಲಭವಾಗಿ ಮುಗಿದ ಕೆಲಸ ಅದೊಂದೇ.

ಕಷ್ಟ ಕೊಟ್ಟದ್ದು ಲೇಬಲ್. ಒಳಗೆ ಏನೇನಿದೆ ಅಂತ ಬರೆಯುವಾಗ ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರಬೇಕು. ಅಕ್ಕಿ ಹಿಟ್ಟು ಮೊದಲು, ಸರಿ. ಎರಡನೆಯದು ಉದ್ದಿನ ಹಿಟ್ಟು ಅಂತ ಬರೆಯಲು ಹೋದೆ. ಆದರೆ ತಕ್ಕಡಿ ಪ್ರಕಾರ ಉದ್ದು ಅರ್ಧ ಕೆಜಿ, ಎಣ್ಣೆ ಮುಕ್ಕಾಲು! ಅತ್ತೆಗೆ ತಡೆಯಲಾಗಲಿಲ್ಲ. "ಉದ್ದಿಗಿಂತ ಮೊದಲು ಎಣ್ಣೆನಾ? ಹಾಗೆಲ್ಲ ಬರೀಬೇಡ, ಜನ ಏನಂದ್ಕೋತಾರೆ?" ಬರೆದೆ. ಬರೆದ ಮೇಲೆ ಮಾತ್ರ ಎಣ್ಣೆ ಕಡಿಮೆ ಮಾಡಬೇಕು ಅನ್ನುವ ಹಠ ಹುಟ್ಟಿತು.

ಥರ್ಮಾಮೀಟರ್ ಕೊಂಡೆ. ಎಣ್ಣೆ 170 ಡಿಗ್ರಿ ಆಸುಪಾಸು ಇದ್ದಾಗ ಚಕ್ಕುಲಿ ಚೆನ್ನಾಗಿ ಬರುತ್ತಿತ್ತು. ಆಸೆಗೆ ಬಿದ್ದು ಒಮ್ಮೆಗೇ ಹನ್ನೆರಡು ಚಕ್ಕುಲಿ ಬಿಟ್ಟರೆ ಮುಳ್ಳು ಸರ್ರನೆ ಇಳಿಯುತ್ತಿತ್ತು. ತಣ್ಣಗಾದ ಎಣ್ಣೆಯಲ್ಲಿ ಚಕ್ಕುಲಿ ಬೇಯುವ ಬದಲು ಎಣ್ಣೆ ಕುಡಿಯುತ್ತಾ ಕೂರುತ್ತದೆ. ಬಾಣಲೆಗೆ ಏಳೇ ಹಾಕಲು ಶುರು ಮಾಡಿದೆವು. ಬೆಣ್ಣೆಯನ್ನೂ 200 ಗ್ರಾಂಗೆ ಇಳಿಸಿದೆ, ಅದು ಜಾಸ್ತಿಯಾದರೆ ಚಕ್ಕುಲಿ ಎಣ್ಣೆಯಲ್ಲೇ ಬಿಚ್ಚಿಕೊಳ್ಳುತ್ತದೆ. ಎರಡೂ ಸೇರಿ ಪ್ರತಿ ಸಲಕ್ಕೆ ನೂರು ಗ್ರಾಂಗೂ ಜಾಸ್ತಿ ಎಣ್ಣೆ ಉಳಿಯಿತು. ಆದರೂ ಲೇಬಲ್‌ನಲ್ಲಿ ಎಣ್ಣೆ ಎರಡನೇ ಜಾಗ ಬಿಟ್ಟು ಇಳಿದಿಲ್ಲ.

ಇಂಗಿನ ವಿಷಯ ಹೇಳಲೇಬೇಕು. ಗೋಧಿ ಆಗದ ಒಬ್ಬ ಗಿರಾಕಿ ಫೋನ್ ಮಾಡಿ "ಮೇಡಂ, ಚಕ್ಕುಲೀಲಿ ಮೈದಾ ಏನಾದ್ರೂ ಹಾಕ್ತೀರಾ?" ಅಂದರು. ಇಲ್ಲವೇ ಇಲ್ಲ ಅಂದೆ. ಫೋನ್ ಇಟ್ಟ ಮೇಲೆ ಏನೋ ಅನುಮಾನ ಬಂದು ಒಂದೊಂದೇ ಡಬ್ಬಿ ತಿರುಗಿಸಿ ಓದಿದೆ. ಇಂಗಿನ ಡಬ್ಬಿ ಮೇಲೆ ಗೋಧಿ ಹಿಟ್ಟು ಅಂತ ಇತ್ತು! ಅಂಗಡಿಯಲ್ಲಿ ಸಿಗುವ ಇಂಗು ಬಹುತೇಕ ಗೋಂದು, ಹಿಟ್ಟು ಬೆರೆಸಿ ಮಾಡಿದ್ದು. ತಕ್ಷಣ ಅವರಿಗೆ ಫೋನ್ ಮಾಡಿ ತಿನ್ನಬೇಡಿ ಅಂದೆ. ಅಕ್ಕಿ ಹಿಟ್ಟು ಬೆರೆಸಿದ ಇಂಗು ಹುಡುಕಿ ತಂದೆ. ನಾವು ಮಾಡಿದ್ದು ಮಾತ್ರ ನಮಗೆ ಗೊತ್ತಿರುತ್ತದೆ, ತಂದದ್ದರ ಒಳಗೆ ಏನಿದೆ ಅಂತ ಓದಿಯೇ ತಿಳಿಯಬೇಕು.

ಇನ್ನು ಕವರ್. ಐದು ಸಾವಿರ ಕವರ್ ಮಾಡಿಸಿದರೆ ಅಗ್ಗ ಅಂತ ಎಂಆರ್‌ಪಿ 80 ಅಂತಲೂ ಸೇರಿಸಿ ಪ್ರಿಂಟ್ ಮಾಡಿಸಿದೆ. ಅದು 2022ರ ಜನವರಿ. ಫೆಬ್ರವರಿ ಕೊನೆಗೆ ಯುಕ್ರೇನ್‌ನಲ್ಲಿ ಯುದ್ಧ ಶುರುವಾಯಿತು. ಆಗ ನಮ್ಮ ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ಬರುತ್ತಿದ್ದದ್ದೇ ಅಲ್ಲಿಂದ. ಲೀಟರ್‌ಗೆ 160 ಇದ್ದದ್ದು ನೋಡನೋಡುತ್ತಾ 200ರ ಹತ್ತಿರ ಹೋಯಿತು. ಪ್ರಿಂಟ್ ಆದ ಎಂಆರ್‌ಪಿ ಮೇಲೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಅಂಟಿಸುವಂತಿಲ್ಲ. ಆ ಐದು ಸಾವಿರ ಕವರ್ ಮುಗಿಯುವವರೆಗೂ ಎಣ್ಣೆ ಅಂಗಡಿಯವನ ಮುಖ ನೋಡಿದರೆ ಸಿಟ್ಟು ಬರುತ್ತಿತ್ತು. ಪಾಪ, ಅವನದ್ದೇನು ತಪ್ಪು? ಈಗ ಕವರ್ ಮೇಲೆ ಹೆಸರು, ವಿಳಾಸ, ಹಸಿರು ಚುಕ್ಕೆ, ನೋಂದಣಿ ನಂಬರ್ ಮಾತ್ರ ಪ್ರಿಂಟ್. ಬೆಲೆ, ಬ್ಯಾಚ್ ನಂಬರ್, ಮಾಡಿದ ದಿನ, ಎಲ್ಲಿಯವರೆಗೆ ತಿನ್ನಬಹುದು ಅನ್ನುವುದು ಆಯಾ ದಿನ ಒತ್ತುವ ಚಿಕ್ಕ ಲೇಬಲ್‌ನಲ್ಲಿ.

ಏಪ್ರಿಲ್‌ನಿಂದ ಎರಡು ಅಂಗಡಿಗಳಿಗೆ ಕೊಡಲು ಶುರು ಮಾಡಿದೆ. ಅವರ ಪಾಲು ನೂರಕ್ಕೆ ಇಪ್ಪತ್ತು. ಅಂದರೆ 80ರ ಪ್ಯಾಕೆಟ್‌ಗೆ ನನ್ನ ಕೈಗೆ 64. ಎಣ್ಣೆ ಏರಿದ ಮೇಲೆ ಖರ್ಚೇ 62. ಮನೆಯಿಂದ ಮಾರಿದರೆ 18 ರೂಪಾಯಿ ಉಳಿಯುವ ಕಡೆ ಅಂಗಡಿಯಲ್ಲಿ ಎರಡು. ಆದರೂ ಕೊಟ್ಟೆ, ನಾಲ್ಕು ಜನರ ಕಣ್ಣಿಗೆ ಬೀಳಲಿ ಅಂತ.

ಜುಲೈನಲ್ಲಿ ಮಳೆ ಹಿಡಿಯಿತು. ಮಲೆನಾಡಿನ ಮಳೆ ಗೊತ್ತಲ್ವಾ, ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ. ಒಂದು ಅಂಗಡಿಯಿಂದ ಇಪ್ಪತ್ತೆರಡು ಪ್ಯಾಕೆಟ್ ವಾಪಸ್ ಬಂತು. "ಅಕ್ಕಾ, ಮೆತ್ತಗಾಗಿದೆ, ಗಿರಾಕಿ ಬೈತಾರೆ" ಅಂದ ಹುಡುಗ. ಒಂದು ಮುರಿದು ನೋಡಿದೆ. ಟಕ್ ಅನ್ನಬೇಕಾದ್ದು ಬಾಗಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಒಂದೇ ಆಗಿರಲಿಲ್ಲ. ನಮ್ಮ ಕವರ್ ಬರೀ ತೆಳು ಪ್ಲಾಸ್ಟಿಕ್, ನಿಧಾನವಾಗಿ ತೇವ ಒಳಗೆ ಬಿಡುತ್ತಿತ್ತು. ಜೊತೆಗೆ ಸಂಜೆ ಬೇಗ ಮುಗಿಸಬೇಕು ಅನ್ನುವ ಗಡಿಬಿಡಿಯಲ್ಲಿ ಚಕ್ಕುಲಿ ಇನ್ನೂ ಬೆಚ್ಚಗಿರುವಾಗಲೇ ಸೀಲ್ ಮಾಡುತ್ತಿದ್ದೆವು, ಒಳಗಿನ ಹಬೆ ಅಲ್ಲೇ ನೀರಾಗುತ್ತಿತ್ತು. ಪೂರ್ತಿ ಆರಲಿ ಅಂತ ಬಿಟ್ಟರೆ ಮಳೆಗಾಲದ ಗಾಳಿಯೇ ಚಕ್ಕುಲಿಯನ್ನು ಮೆತ್ತಗೆ ಮಾಡುತ್ತದೆ! ಕೊನೆಗೆ ಹೀಗೆ ಮಾಡಿದೆವು. ಸ್ಟೀಲ್ ಜಾಲರಿ ಮೇಲೆ ಹರಡುವುದು, ಮೊದಲಿನ ಹಾಗೆ ಪೇಪರ್ ಮೇಲೆ ಅಲ್ಲ. ನ್ಯೂಸ್‌ಪೇಪರ್ ಶಾಯಿ ಎಣ್ಣೆ ತಿಂಡಿಗೆ ಅಂಟುತ್ತದೆ, ಅದು ಒಳ್ಳೆಯದಲ್ಲ. ಕೈಗೆ ಬಿಸಿ ತಾಗದ ಕೂಡಲೇ ದೊಡ್ಡ ಸ್ಟೀಲ್ ಡಬ್ಬಕ್ಕೆ ಹಾಕಿ ಮುಚ್ಚುವುದು. ಅಲ್ಲಿಂದ ಸ್ವಲ್ಪ ಸ್ವಲ್ಪವೇ ತೆಗೆದು ಪ್ಯಾಕ್ ಮಾಡುವುದು. ಕವರ್ ಬೆಳ್ಳಿ ಬಣ್ಣದ ಒಳಪದರ ಇರುವ ದಪ್ಪದ್ದು, ಪ್ಯಾಕೆಟ್‌ಗೆ ಎರಡೂವರೆ ರೂಪಾಯಿ ಜಾಸ್ತಿ. ಅದು ತೇವವನ್ನೂ ಬೆಳಕನ್ನೂ ತಡೆಯುತ್ತದೆ, ಬೆಳಕು ಬಿದ್ದರೆ ಎಣ್ಣೆ ಬೇಗ ಕಮಟಾಗುತ್ತದೆ. ಹೊಸ ಕವರ್ ಜೊತೆ ಬೆಲೆಯನ್ನೂ 95 ಮಾಡಿದೆ.

ಅವತ್ತಿನಿಂದ ಪ್ರತಿ ಬ್ಯಾಚ್‌ನಲ್ಲೂ ನಾಲ್ಕು ಪ್ಯಾಕೆಟ್ ಎತ್ತಿಡುತ್ತೇನೆ. ಹದಿನೈದು, ಮೂವತ್ತು, ನಲವತ್ತೈದು, ಅರವತ್ತನೇ ದಿನ ಒಂದೊಂದು ಒಡೆದು ಮೂಸಿ, ಮುರಿದು, ತಿಂದು ಬರೆದಿಡುತ್ತೇನೆ. ಎಷ್ಟು ದಿನ ಇರುತ್ತದೆ ಅಂತ ಲೇಬಲ್ ಮೇಲೆ ಹಾಕುವುದು ಈ ಪುಸ್ತಕ ನೋಡಿಯೇ. ಚಕ್ಕುಲಿ ನಲವತ್ತೈದನೇ ದಿನವೂ ಚೆನ್ನಾಗಿತ್ತು, ಆದರೂ ಮೂವತ್ತು ಅಂತಲೇ ಹಾಕುತ್ತೇನೆ. ಅಂಗಡಿಯವರು ಬಿಸಿಲಿಗೆ ನೇತು ಹಾಕುತ್ತಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ವಾ?

ಕರಿದ ಎಣ್ಣೆಯ ವಿಷಯದಲ್ಲಿ ಮನೆಯಲ್ಲಿ ಜಗಳವೇ ಆಯಿತು. ಉಳಿದ ಎಣ್ಣೆಗೆ ಹೊಸದು ಬೆರೆಸುವುದು ನಮ್ಮೆಲ್ಲರ ಮನೆಯ ಅಭ್ಯಾಸ. ವ್ಯಾಪಾರಕ್ಕೆ ಅದು ಆಗುವುದಿಲ್ಲ. ಪದೇ ಪದೇ ಕಾದ ಎಣ್ಣೆಯಲ್ಲಿ ಕೆಟ್ಟ ಅಂಶ ಕೂಡುತ್ತಾ ಹೋಗುತ್ತದೆ, ಅದು ನೂರಕ್ಕೆ 25 ದಾಟಿದ ಎಣ್ಣೆ ಬಳಸಬಾರದು ಅಂತ 2018ರ ಜುಲೈನಿಂದ ನಿಯಮವೇ ಇದೆ. ಅಳೆಯುವ ಮೀಟರ್ ನನ್ನ ಹತ್ತಿರ ಇಲ್ಲ. ನೊರೆ ಬಂದರೆ, ಬಣ್ಣ ಕಂದಾದರೆ, ಬೇಗ ಹೊಗೆಯೆದ್ದರೆ ತೆಗೆದುಬಿಡುತ್ತೇನೆ. ಹಾಗೆ ಆಗದಿದ್ದರೂ ಮೂರು ಸಲಕ್ಕಿಂತ ಮುಂದೆ ಇಲ್ಲ. ಅದಕ್ಕೇ ಚೆಲ್ಲುವ ಎಣ್ಣೆಯನ್ನು ಮೊದಲೇ ಖರ್ಚಿನ ಹಾಳೆಯಲ್ಲಿ ಬರೆದಿರುವುದು.

ಇಷ್ಟಾದರೂ ಒಂದು ವಾರದ ಚಕ್ಕುಲಿ ಇನ್ನೊಂದು ವಾರದ ಹಾಗೆ ಇರುತ್ತಿರಲಿಲ್ಲ. ಒಮ್ಮೆ ಗಟ್ಟಿ, ಒಮ್ಮೆ ತರಿತರಿ, ಒಮ್ಮೆ ಯಾಕೋ ಸ್ವಲ್ಪ ಖಾರ! ತೂಕ ಎಲ್ಲಾ ಸರಿ ಇತ್ತು. ತಪ್ಪು ಇದ್ದದ್ದು ಮಿಲ್ಲಿನಲ್ಲಿ. ನಮಗಿಂತ ಮೊದಲು ಯಾರೋ ಮೆಣಸಿನಕಾಯಿ ಹಾಕಿಸಿದ್ದರು. ಹಿಟ್ಟಿನ ನುಣುಪೂ ದಿನಕ್ಕೊಂದು ಥರ. ಸ್ವಂತಕ್ಕೆ ಹಿಟ್ಟಿನ ಮಷಿನ್, ಹಿಟ್ಟು ಕಲಸುವ ಮಷಿನ್ ಬೇಕು ಅನ್ನಿಸಿದ್ದು ಆಗ. ಪಿಎಂಎಫ್‌ಎಂಇ ಅಂತ 2020ರಲ್ಲಿ ಬಂದ ಕೇಂದ್ರ ಸರ್ಕಾರದ ಯೋಜನೆ ಇತ್ತು. ಸಣ್ಣ ಆಹಾರ ಘಟಕಗಳಿಗೆ ಅದರಲ್ಲಿ ಖರ್ಚಿನ ನೂರಕ್ಕೆ 35, ಗರಿಷ್ಠ 10 ಲಕ್ಷದವರೆಗೆ ಸಹಾಯಧನ ಸಿಗುತ್ತಿತ್ತು. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಅದರ ಮೇಲೆ ಇನ್ನಷ್ಟು ಸೇರಿಸಿತ್ತು. ಅರ್ಜಿ ತುಂಬಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಒಬ್ಬರು ಇರುತ್ತಿದ್ದರು, ನಮಗೂ ಅವರೇ ಕೂತು ಮಾಡಿಸಿಕೊಟ್ಟರು. ಆದರೆ ಅದು ಸುಮ್ನೆ ಕೈಗೆ ಬರುವ ದುಡ್ಡಾಗಿರಲಿಲ್ಲ. ಬ್ಯಾಂಕ್ ಸಾಲದ ಜೊತೆ ಸೇರಿಕೊಂಡಿರುತ್ತಿತ್ತು, ನಮ್ಮ ಪಾಲು ನೂರಕ್ಕೆ ಹತ್ತಾದರೂ ಹಾಕಬೇಕಿತ್ತು. ಬ್ಯಾಂಕಿನವರು ಮೊದಲು ಕೇಳಿದ್ದು ಲೆಕ್ಕ. ನನ್ನ ಹತ್ತಿರ ಇದ್ದದ್ದೂ ಅದೇ, ಆ ಹಾಳೆಗಳು.

ಹಿಟ್ಟಿನ ಮಷಿನ್ ಬಂದ ದಿನ ಅತ್ತೆಯನ್ನು ಕೂರಿಸಿಕೊಂಡು ಅವರ "ಕೈಗೆ ಬಂದಷ್ಟು" ಎಳ್ಳನ್ನು ಹತ್ತು ಸಲ ತೂಗಿದೆ. ಹತ್ತೂ ಸಲ 21ರಿಂದ 23 ಗ್ರಾಂ ಒಳಗೇ ಬಂತು. ನನ್ನ ಕೈ ತೂಗಿದರೆ 14, 26, 19. "ನೋಡು, ತಕ್ಕಡಿ ಬೇಕಾಗಿದ್ದು ನಿಂಗೆ" ಅಂದರು ಅತ್ತೆ.

ಈಗ ತಿಂಗಳಿಗೆ ಸುಮಾರು 180 ಕೆಜಿ ಮಾಡುತ್ತೇವೆ, ಕೆಲಸಕ್ಕೆ ಇಬ್ಬರು ಬರುತ್ತಾರೆ. ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವ ಪಾರ್ಸಲ್‌ಗೆ ಎರಡೇ ಸುತ್ತಿನ ಸಣ್ಣ ಚಕ್ಕುಲಿ, ದೊಡ್ಡದು ದಾರಿಯಲ್ಲಿ ಪುಡಿಯಾಗುತ್ತದೆ. ಮುರಿದದ್ದೆಲ್ಲ ಅವಲಕ್ಕಿ ಚೂಡಾಕ್ಕೆ. ನಿಪ್ಪಟ್ಟನ್ನು ಮಾತ್ರ ಇನ್ನೂ ಅಂಗಡಿಗೆ ಕೊಟ್ಟಿಲ್ಲ. ಎತ್ತಿಟ್ಟ ಪ್ಯಾಕೆಟ್ ಇಪ್ಪತ್ತೈದನೇ ದಿನಕ್ಕೇ ಕಮಟು ವಾಸನೆ ಬರುತ್ತಿದೆ. ಕಡಲೆಬೀಜದ ಮೇಲೆ ನನಗೆ ಅನುಮಾನ, ತೊಳೆದು ಒಣಗಿಸದೆ ಹಾಕಿದ ಕರಿಬೇವಿನ ಮೇಲೆ ಅತ್ತೆಗೆ. ಈ ವಾರ ಎರಡು ಬ್ಯಾಚ್ ಬೇರೆ ಬೇರೆ ಮಾಡಿ ಎತ್ತಿಟ್ಟಿದ್ದೇವೆ.