ರಸಪ್ರಶ್ನೆ ಕಾರ್ಯಕ್ರಮವನ್ನು ಮನೆಮಂದಿಯೆಲ್ಲ ಕೂತು ನೋಡುವ ಕ್ರಮ

ಚಂದನ ವಾಹಿನಿಯಲ್ಲಿ 2002ರ ಜನವರಿ 4ರಂದು ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಮೈಸೂರಿನ ಸರಸ್ವತಿಪುರದ ನಮ್ಮ ಮನೆಯಲ್ಲಿ ಹಲವು ವರ್ಷಗಳಿಂದ ನೋಡುತ್ತಿದ್ದೇವೆ. ಡಾ. ನಾ. ಸೋಮೇಶ್ವರ ಅವರು ಕೇಳುವ ಪ್ರಶ್ನೆಗೆ ಸರಿಯುತ್ತರ ಕೊಟ್ಟವರಿಗೆ ಅಲ್ಲಿ ಸಿಗುವುದು ಪುಸ್ತಕ. ಆ ಬಹುಮಾನದಲ್ಲಿಯೇ ನೋಡುಗನಿಗೂ ಒಂದು ದಾರಿ ಇದೆ ಎಂದು ನಾನು ನಂಬಿದ್ದೇನೆ. ಕಾರ್ಯಕ್ರಮವನ್ನು ನೋಡಿ ಎದ್ದುಹೋದರೆ ಮರುದಿನ ಕಾಫಿಯ ಹೊತ್ತಿಗೆ ಬಹುಪಾಲು ಮರೆತಿರುತ್ತದೆ. ಬರೆದುಕೊಂಡು, ಮಾತನಾಡಿ, ಅನುಮಾನ ಬಂದದ್ದನ್ನು ಪುಸ್ತಕ ತೆರೆದು ನೋಡಿದರೆ ಮಾತ್ರ ಅದು ನಮ್ಮದಾಗುತ್ತದೆ.

ಮೊದಲಿಗೆ ಬೇಕಾದುದು ಗೆರೆ ಹಾಕಿದ, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಎಡಪುಟದ ಮೇಲೆ ದಿನಾಂಕ ಬರೆದು, ಪ್ರಶ್ನೆಯನ್ನು ನಾಲ್ಕೈದು ಪದಗಳಲ್ಲಿ ಗುರುತು ಹಾಕಿ, ಅದರ ಮುಂದೆ ನಮ್ಮ ಉತ್ತರವನ್ನೂ ಪರದೆಯ ಮೇಲೆ ಬಂದ ಉತ್ತರವನ್ನೂ ಬರೆಯಬೇಕು. ಬಲಪುಟವನ್ನು ಪೂರ್ತಿ ಖಾಲಿ ಬಿಡಬೇಕು; ಅದು ಆಮೇಲೆ ಹುಡುಕಿ ನೋಡಿದ ವಿವರಗಳಿಗೆ ಮೀಸಲು. ಬರೆಯುವ ಕೆಲಸವನ್ನು ಮನೆಯ ಮಕ್ಕಳಿಗೆ ಒಪ್ಪಿಸುವುದು ಒಳ್ಳೆಯದು, ಏಕೆಂದರೆ ಹೆಸರುಗಳ ಒತ್ತಕ್ಷರ, ದೀರ್ಘ ಇವೆಲ್ಲ ಅವರ ಕೈಗೆ ಹಾಗೆಯೇ ರೂಢಿಯಾಗುತ್ತವೆ.

ಆಯ್ಕೆಗಳಿರುವ ಪ್ರಶ್ನೆಯಾದರೆ ಅವು ಪರದೆಗೆ ಬರುವ ಮೊದಲೇ ಉತ್ತರ ಹೇಳಲು ಪ್ರಯತ್ನಿಸಬೇಕು. ಆಯ್ಕೆಯನ್ನು ಕಂಡು ಗುರುತಿಸುವುದು ಬೇರೆ, ನೆನಪಿನಿಂದ ಎತ್ತಿ ಹೇಳುವುದು ಬೇರೆ. 2012ರಲ್ಲಿ ಪುನೀತ್ ರಾಜ್‌ಕುಮಾರ್ ಅವರು ನಡೆಸಿಕೊಟ್ಟ ‘ಕನ್ನಡದ ಕೋಟ್ಯಧಿಪತಿ’ಯಂತಹ ಹಣದ ಸ್ಪರ್ಧೆಗಳಲ್ಲಿ ಯೋಚಿಸಲು ಸಾಕಷ್ಟು ಸಮಯವಿರುತ್ತದೆಯಾದ್ದರಿಂದ, ಅಲ್ಲಿ ತಪ್ಪು ಆಯ್ಕೆಗಳನ್ನು ಒಂದೊಂದಾಗಿ ಏಕೆ ಬಿಡುತ್ತೇವೆ ಎಂಬುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಬಹುದು.

ಕಾರ್ಯಕ್ರಮ ನಡೆಯುತ್ತಿರುವಾಗ ವಾದಕ್ಕೆ ಇಳಿಯಬಾರದು. ಅನುಮಾನ ಬಂದ ಪ್ರಶ್ನೆಯ ಪಕ್ಕದಲ್ಲಿ ಒಂದು ಚುಕ್ಕಿ ಇಟ್ಟು ಮುಂದೆ ಹೋಗಬೇಕು. ಮುಗಿದ ಮೇಲೆ ಟಿವಿ ಆರಿಸಿ, ಚುಕ್ಕಿ ಇಟ್ಟ ಪ್ರಶ್ನೆಗಳನ್ನಷ್ಟೇ ಎತ್ತಿಕೊಳ್ಳಬೇಕು. ಆಗ ಮೊದಲ ಮಾತು ಮನೆಯ ಕಿರಿಯರದಾಗಿರಲಿ. ಹಿರಿಯರು ಮೊದಲೇ ತೀರ್ಪು ಕೊಟ್ಟರೆ ಮಕ್ಕಳು ಬಾಯಿ ತೆರೆಯುವುದಿಲ್ಲ. ಮೊಬೈಲನ್ನು ತಕ್ಷಣ ಕೈಗೆತ್ತಿಕೊಳ್ಳದೆ, ಪ್ರತಿಯೊಬ್ಬರೂ ತಮಗೆ ಗೊತ್ತಿರುವುದನ್ನೂ ಅದು ಎಲ್ಲಿಂದ ಗೊತ್ತಾಯಿತೆಂಬುದನ್ನೂ ಹೇಳಿದ ನಂತರವೇ ಹುಡುಕುವುದು ಸರಿಯಾದ ಕ್ರಮ.

ನಮ್ಮ ಮನೆಯಲ್ಲಿ ಚುಕ್ಕಿ ಬೀಳುವುದು ಹೆಚ್ಚಾಗಿ ಇಸವಿಗಳ ಮೇಲೆ. ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂದದ್ದು ಯಾವಾಗ ಎಂಬ ಮಾತು ಬಂದಾಗ ನನ್ನ ಮಗಳು 2010 ಎಂದಳು, ನಮ್ಮ ಮಾವನವರು 2011 ಎಂದರು. “ತಾತ, ನನ್ನ ಪುಸ್ತಕದಲ್ಲಿ ಹಾಗೇ ಇದೆ” ಎಂದು ಅವಳು ಪುಸ್ತಕ ತಂದು ತೋರಿಸಿದಳು. “ಪೇಪರಿನಲ್ಲಿ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ ಕಣಮ್ಮ” ಎಂದು ಅವರೂ ಬಿಡಲಿಲ್ಲ. ಪ್ರಶಸ್ತಿ 2010ನೇ ಸಾಲಿನದು, ಅದು ಘೋಷಣೆಯಾದದ್ದು 2011ರಲ್ಲಿ. ಹಾಗಾಗಿ ಇಬ್ಬರ ಮಾತೂ ಸರಿಯಾಗಿತ್ತು. ಇಂತಹ ಕಡೆ ಪ್ರಶ್ನೆಯ ಪದಗಳನ್ನು ಇದ್ದಂತೆಯೇ ಬರೆದುಕೊಂಡಿದ್ದರೆ ‘ಯಾವ ಸಾಲಿನ’ ಎಂದು ಕೇಳಿದರೋ ‘ಯಾವ ವರ್ಷ ಘೋಷಿಸಲಾಯಿತು’ ಎಂದು ಕೇಳಿದರೋ ಎಂಬುದು ಕೂಡಲೇ ತಿಳಿಯುತ್ತದೆ. ಪ್ರಶಸ್ತಿ, ಸಂಸ್ಥೆ, ಅಣೆಕಟ್ಟು, ಕಟ್ಟಡ ಯಾವುದೇ ಆಗಲಿ, ಒಂದಕ್ಕಿಂತ ಹೆಚ್ಚು ಇಸವಿಗಳು ಇರಬಹುದೆಂದು ಎಣಿಸಿಯೇ ನೋಡಬೇಕು. ಮೈಸೂರಿನ ಹಳೆಯ ಅರಮನೆಗೆ ಬೆಂಕಿ ಬಿದ್ದದ್ದು 1897ರಲ್ಲಿ, ಈಗಿನ ಅರಮನೆಯ ಕೆಲಸ ಮುಗಿದದ್ದು 1912ರಲ್ಲಿ. ‘ಅರಮನೆ ಯಾವಾಗಿನದು’ ಎಂದು ಮಾತ್ರ ಕೇಳಿದರೆ ಉತ್ತರ ಎತ್ತಲೂ ಜಾರಬಹುದು.

ಇನ್ನೊಂದು ಕಷ್ಟದ ಪದ ‘ಮೊದಲ’. ಭಾರತದ ಮೊದಲ ಜಲವಿದ್ಯುತ್ ಕೇಂದ್ರ ಮಂಡ್ಯ ಜಿಲ್ಲೆಯ ಶಿವನಸಮುದ್ರದ್ದು ಎಂದು ನಾನು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೆ, ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟಿದ್ದೆ. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಡಾರ್ಜಿಲಿಂಗಿನ ಸಿದ್ರಾಪಾಂಗ್ ಕೇಂದ್ರವಾದರೋ 1897ರಲ್ಲಿಯೇ ಶುರುವಾಗಿತ್ತು. ಇದರಿಂದ ಶಿವನಸಮುದ್ರದ ಹೆಚ್ಚುಗಾರಿಕೆ ಕಡಿಮೆಯಾಗುವುದಿಲ್ಲ. ಆ ಕಾಲದಲ್ಲಿ ಅಷ್ಟು ದೂರಕ್ಕೆ ತಂತಿ ಎಳೆದು ಗಣಿಯ ಯಂತ್ರಗಳನ್ನು ನಡೆಸಿದ್ದು ಸಣ್ಣ ಕೆಲಸವಲ್ಲ, ಆ ಸಂಗತಿಯನ್ನು ಮಕ್ಕಳಿಗೆ ಹೇಳಲೇಬೇಕು. ಆದರೆ ಊರಿನ ಮೇಲಿನ ಅಭಿಮಾನಕ್ಕೆ ಉತ್ತರವನ್ನು ತಿದ್ದಬಾರದು. ‘ಮೊದಲ’, ‘ಅತಿ ಎತ್ತರದ’, ‘ಅತಿ ದೊಡ್ಡ’ ಎಂಬ ಪದ ಬಂದಾಗಲೆಲ್ಲ ಎಲ್ಲಿಯದು, ಯಾವ ಬಗೆಯದು, ಯಾವ ಕಾಲದ್ದು ಎಂದು ಮೂರನ್ನೂ ಕೇಳಿಕೊಳ್ಳಬೇಕು.

ಹಳೆಯ ಸಂಚಿಕೆಗಳನ್ನು ಯೂಟ್ಯೂಬಿನಲ್ಲಿ ನೋಡುವವರು ಪ್ರಸಾರದ ದಿನಾಂಕವನ್ನು ಗಮನಿಸಬೇಕು. ಕರ್ನಾಟಕದ ಜಿಲ್ಲೆಗಳ ಸಂಖ್ಯೆ ಮೂವತ್ತು ಎಂಬ ಉತ್ತರ ಒಂದು ಕಾಲಕ್ಕೆ ಸರಿಯಾಗಿತ್ತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಮೂವತ್ತೊಂದಾಯಿತು.

ಚರ್ಚೆಗೆ ತಿರುಳು ಬರುವುದು ಕೇಳಿದ ಪ್ರಶ್ನೆಯಿಂದ ಮತ್ತೊಂದು ಪ್ರಶ್ನೆ ಹುಟ್ಟಿದಾಗ. ಆಕಾಶವಾಣಿಯ ಬಗ್ಗೆ ಪ್ರಶ್ನೆ ಬಂದಿತೆನ್ನಿ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು ಎಂಬ ಉತ್ತರದಲ್ಲಿಯೇ ನಿಲ್ಲದೆ, ಆ ಮನೆ ಯಾವ ಬಡಾವಣೆಯಲ್ಲಿತ್ತು ಎಂದು ಮಕ್ಕಳು ಮುಂದಿನ ಪ್ರಶ್ನೆ ಹಾಕಬೇಕು. ಅದು ಒಂಟಿಕೊಪ್ಪಲು. ಭಾನುವಾರ ಬೆಳಿಗ್ಗೆ ಆ ಕಡೆ ನಡೆದು ಬಂದರೆ ಉತ್ತರ ಮತ್ತೆ ಮರೆಯುವುದಿಲ್ಲ. ವಾರಕ್ಕೆ ಇಂತಹ ಐದು ಪ್ರಶ್ನೆಗಳನ್ನು ಮನೆಯವರೇ ತಯಾರಿಸಿ ಪರಸ್ಪರ ಕೇಳಿಕೊಂಡರೆ, ನಿಸ್ಸಂದೇಹವಾದ ಒಂದೇ ಉತ್ತರ ಬರುವಂತೆ ಪ್ರಶ್ನೆ ಕಟ್ಟುವುದಕ್ಕೆ ಎಷ್ಟು ಶ್ರಮ ಬೇಕೆಂಬುದೂ ಅರ್ಥವಾಗುತ್ತದೆ.

ಪ್ರಸಾರವಾದ ಉತ್ತರವೇ ತಪ್ಪೆಂದು ಖಚಿತವಾದರೆ ವಾಹಿನಿಗೆ ಪತ್ರ ಬರೆಯಬಹುದು. ಅದರಲ್ಲಿ ಸಂಚಿಕೆಯ ದಿನಾಂಕ, ಕೇಳಿದ ಪ್ರಶ್ನೆಯ ಪದಗಳು, ಆಧಾರ ಗ್ರಂಥದ ಹೆಸರು ಮತ್ತು ಪುಟಸಂಖ್ಯೆ ಇರಬೇಕು. ಎರಡು ಬೇರೆ ಬೇರೆ ಗ್ರಂಥಗಳ ಆಧಾರ ಸಿಗುವವರೆಗೆ ಪತ್ರವನ್ನು ಅಂಚೆಗೆ ಹಾಕದಿರುವುದು ಲೇಸು. ನೋಟ್‌ಬುಕ್ಕಿನಲ್ಲಿ ಮಾಡುವ ತಿದ್ದುಪಡಿಗೂ ಇದೇ ಎಚ್ಚರ ಬೇಕು. ಹಳೆಯ ಉತ್ತರವನ್ನು ಗೀಚಿ ಅಳಿಸದೆ, ಓದಲು ಬರುವಂತೆ ಒಂದೇ ಗೆರೆ ಎಳೆದು, ಬಲಪುಟದಲ್ಲಿ ಹೊಸ ಉತ್ತರ, ಆಧಾರ ಮತ್ತು ತಿದ್ದಿದ ದಿನಾಂಕವನ್ನು ಬರೆಯಬೇಕು. ನಮ್ಮ ಪುಸ್ತಕದಲ್ಲಿ ಶಿವನಸಮುದ್ರದ ಸಾಲಿಗೆ ಅಂತಹ ಒಂದು ಗೆರೆ ಇದೆ. ಅದರ ಎದುರಿಗೆ ಬಲಪುಟ ಮುಕ್ಕಾಲು ತುಂಬಿದೆ.