ಲಿಪೋ ಉಬ್ಬುವುದು ನಿಂತದ್ದು 4.1ರಲ್ಲಿ

ರಿಮೋಟ್ ವಿಮಾನದ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪ್ಯಾಕ್‌ಗೆ ಎಲ್ಲರ ಹಾಗೆ ಸೆಲ್‌ಗೆ 4.2 ಬೇಡ, 4.1 ವೋಲ್ಟ್‌ಗೇ ಚಾರ್ಜ್ ನಿಲ್ಲಿಸುತ್ತೇನೆ ಅಂದಾಗ ಜೊತೆಗೆ ವಿಮಾನ ಹಾರಿಸುವವರು ಯಾರೂ ಒಪ್ಪಲಿಲ್ಲ. ಮೋಟರ್‌ಗೆ ದಮ್ ಸಾಲುವುದಿಲ್ಲ, ಅರ್ಧಕ್ಕೇ ಇಳಿಸಬೇಕಾಗುತ್ತದೆ ಅಂದರು. ಅವರ ಪ್ಯಾಕ್‌ಗಳು ಒಂದೊಂದಾಗಿ ಉಬ್ಬಿದವು. ನನ್ನವು ಎರಡನೇ ವರ್ಷಕ್ಕೂ ಚಪ್ಪಟೆಯಾಗಿಯೇ ಇವೆ.

ಅದಕ್ಕೆ ಮುಂಚೆ ಹೋದ ದುಡ್ಡು ಕಡಿಮೆಯೇನಲ್ಲ. ಉಬ್ಬಿ ಎಸೆದ ಪ್ಯಾಕ್‌ಗಳ ದುಡ್ಡು ಸೇರಿಸಿದ್ದರೆ ಒಳ್ಳೆಯದೊಂದು ಚಾರ್ಜರ್ ಬಂದು ಇನ್ನೂ ಉಳಿಯುತ್ತಿತ್ತು. ಮೊದಲು ಚಾರ್ಜ್ ಕರೆಂಟನ್ನು 1ಸಿ ಬಿಟ್ಟು ಅರ್ಧ ಸಿಗೆ ಇಳಿಸಿದೆ. 1ಸಿ ಅಂದರೆ ಪ್ಯಾಕ್ ಎಷ್ಟು ಆಂಪಿಯರ್-ಅವರ್‌ನದೋ ಅಷ್ಟೇ ಆಂಪಿಯರ್. ನನ್ನ 3ಎಸ್ (ಮೂರು ಸೆಲ್) 2200 ಎಂಎಎಚ್ ಪ್ಯಾಕ್‌ಗೆ ಅರ್ಧ ಸಿ ಅಂದರೆ 1.1 ಆಂಪಿಯರ್. ಬಿಸಿ ಕಡಿಮೆಯಾಯಿತು, ಉಬ್ಬುವುದು ನಿಲ್ಲಲಿಲ್ಲ. ಆಮೇಲೆ ಮಲ್ಟಿಮೀಟರ್ ಹಿಡಿದು ನೋಡಿದರೆ, ಚಾರ್ಜರ್ 4.20 ಅಂತ ತೋರಿಸುವಾಗ ಸೆಲ್‌ನಲ್ಲಿ ನಿಜವಾಗಿ 4.23ರ ಹತ್ತಿರ ಇತ್ತು! ನಿಮ್ಮ ಚಾರ್ಜರನ್ನೂ ಒಮ್ಮೆ ಹೀಗೆ ನೋಡಿ. ಸ್ಕ್ರೀನ್ ನಂಬಬೇಡಿ.

ಟರ್ಮಿನಲ್ ವೋಲ್ಟೇಜ್ (ಚಾರ್ಜ್ ನಿಲ್ಲುವ ವೋಲ್ಟೇಜ್) ಬದಲಿಸುವ ಸೆಟ್ಟಿಂಗ್ ಇರುವ ಚಾರ್ಜರ್ ತಂದ ಮೇಲೆ ದಾರಿ ಸಿಕ್ಕಿತು. ಎಲ್ಲ ಸೆಲ್‌ಗಳನ್ನೂ ಸಮ ಮಾಡುವ ಬ್ಯಾಲೆನ್ಸ್ ಮೋಡ್, ಅರ್ಧ ಸಿ, 4.1. ಪ್ಯಾಕ್ 12.6ರ ಬದಲು 12.3ಕ್ಕೆ ನಿಲ್ಲುತ್ತದೆ. ಎಂಟು ನಿಮಿಷದ ಹಾರಾಟ ಏಳಕ್ಕೆ ಬಂತು, ಅಷ್ಟೇ. ಚಾರ್ಜ್ ಮಾಡುವುದು ಹಾರಿಸುವ ದಿನ ಬೆಳಿಗ್ಗೆ ಮಾತ್ರ, ಹಿಂದಿನ ರಾತ್ರಿ ಅಲ್ಲ. ಮಳೆ ಬಂದು ಹಾರಿಸಲು ಆಗದಿದ್ದರೆ ಸುಮ್ನೆ ಇಡುವುದಿಲ್ಲ, ಅವತ್ತೇ ಸೆಲ್‌ಗೆ 3.8ರ ಸ್ಟೋರೇಜ್ ಮಟ್ಟಕ್ಕೆ ಇಳಿಸುತ್ತೇನೆ. ಪ್ಯಾಕ್ ಹಾಳಾಗುವುದು ಹಾರಿಸಿದಾಗಲೇ ಜಾಸ್ತಿ ಅಂದುಕೊಳ್ಳುತ್ತಾರೆ, ಆದರೆ ಫುಲ್ ಆಗಿ ಕೂತಾಗಲೂ ಒಳಗಿನ ಎಲೆಕ್ಟ್ರೊಲೈಟ್ ಕೆಡುತ್ತಾ ಗ್ಯಾಸ್ ಆಗುತ್ತದೆ, ಅದೇ ಅಲ್ವಾ ಉಬ್ಬುವುದು.

ಹಲವು ಪ್ಯಾಕ್‌ಗಳನ್ನು ಒಟ್ಟಿಗೆ ಚಾರ್ಜ್ ಮಾಡುವ ಪ್ಯಾರಲಲ್ ಬೋರ್ಡನ್ನೂ ಸ್ವಲ್ಪ ದಿನ ಬಳಸಿದೆ. ಸಮಯ ಉಳಿಯುತ್ತದೆ, ನಿಜ. ಆದರೆ ಪ್ಯಾಕ್‌ಗಳ ವೋಲ್ಟೇಜ್ ಸಮ ಇಲ್ಲದಿದ್ದರೆ ಪ್ಲಗ್ ಹಾಕಿದ ಕೂಡಲೇ ಒಂದರಿಂದ ಇನ್ನೊಂದಕ್ಕೆ ಕರೆಂಟ್ ನುಗ್ಗುತ್ತದೆ, ಚಾರ್ಜರ್‌ಗೆ ಅದು ಗೊತ್ತೇ ಆಗುವುದಿಲ್ಲ. ಬೋರ್ಡ್ ಎತ್ತಿಟ್ಟೆ. ಈಗ ಒಂದೊಂದೇ ಪ್ಯಾಕ್, ಟೈಲ್ ಮೇಲೆ, ಕಣ್ಣೆದುರು. ಹಾರಿಸಿ ತಂದ ಪ್ಯಾಕ್ ಪೂರ್ತಿ ಆರಿದ ಮೇಲೇ ಚಾರ್ಜ್‌ಗೆ.

ಪ್ರತಿ ಪ್ಯಾಕ್‌ನ ಇಂಟರ್ನಲ್ ರೆಸಿಸ್ಟೆನ್ಸ್ (ಒಳಗಿನ ತಡೆ, ಪ್ಯಾಕ್ ಹಳೆಯದಾದಂತೆ ಏರುತ್ತದೆ) ಬರೆದಿಡುತ್ತೇನೆ. ಹೊಸದರಲ್ಲಿ ಸೆಲ್‌ಗೆ 5 ಮಿಲಿಓಮ್ ಆಸುಪಾಸು ಇದ್ದದ್ದು ಈಗ 7 ದಾಟಿಲ್ಲ. ಬಿಸಿಲಲ್ಲಿ ಒಂದು ಲೆಕ್ಕ, ಚಳಿಯಲ್ಲಿ ಇನ್ನೊಂದು ಬರುತ್ತದೆ, ಹಾಗಾಗಿ ಒಂದೇ ತಾಪಮಾನದಲ್ಲಿ ಅಳೆಯಿರಿ. ಈ ಲೆಕ್ಕ ನೋಡಿ ಯಾವ ಪ್ಯಾಕ್ ಯಾವ ವಿಮಾನಕ್ಕೆ ಅಂತ ಆರಿಸುವ ನನ್ನದೇ ಒಂದು ಕ್ರಮ ಇದೆ, ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ರಿಮೋಟ್‌ನ ನಿಕಲ್ ಪ್ಯಾಕ್‌ಗೆ ಇದ್ಯಾವುದೂ ಹೊಂದುವುದಿಲ್ಲ. ಅದಕ್ಕೆ ಡೆಲ್ಟಾ ಪೀಕ್ ಬೇಕು, ಅಂದರೆ ತುಂಬಿದಾಗ ವೋಲ್ಟೇಜ್ ತುದಿ ಮುಟ್ಟಿ ಸ್ವಲ್ಪ ಇಳಿಯುವುದನ್ನು ನೋಡಿ ಚಾರ್ಜರ್ ನಿಲ್ಲಬೇಕು; ಕರೆಂಟ್ ತೀರಾ ಇಳಿಸಿದರೆ ಚಾರ್ಜರ್‌ಗೆ ಪೀಕ್ ಸಿಗುವುದೇ ಇಲ್ಲ. ಅದಕ್ಕೆ ಅರ್ಧ ಸಿಗಿಂತ ಕೆಳಗೆ ಹೋಗುವುದನ್ನು ಬಿಟ್ಟಿದ್ದೇನೆ.