ಟ್ರಯಲ್ ಔಷಧಿಯ ಫಾರ್ಮಸಿ ತಂಡ: ಮುಖ್ಯಸ್ಥರು ನೋಡಿಕೊಳ್ಳಬೇಕಾದದ್ದು

ಕ್ಲಿನಿಕಲ್ ಟ್ರಯಲ್‌ಗೆಂದು ಬಂದ ಔಷಧಿಯನ್ನು ಆಸ್ಪತ್ರೆಯ ಮಾಮೂಲಿ ಸ್ಟಾಕ್‌ನಂತೆ ನೋಡಬಾರದು. ಪ್ರತಿ ಮಾತ್ರೆ ಯಾರಿಗೆ ಹೋಯಿತು, ಎಷ್ಟು ವಾಪಸ್ ಬಂತು ಎಂಬ ಲೆಕ್ಕ ಕೊನೆಯವರೆಗೂ ತಾಳೆಯಾಗಬೇಕು. ಭಾರತದಲ್ಲಿ ಹೊಸ ಔಷಧದ ಟ್ರಯಲ್‌ಗಳು 2019ರ ನಿಯಮಗಳಡಿ ನಡೆಯುತ್ತವೆ. ಸಿಡಿಎಸ್‌ಸಿಒ (ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ) ಅನುಮತಿ, ಎಥಿಕ್ಸ್ ಕಮಿಟಿಯ ಒಪ್ಪಿಗೆ, ಸಿಟಿಆರ್‌ಐ (ಟ್ರಯಲ್‌ಗಳ ರಾಷ್ಟ್ರೀಯ ದಾಖಲೆ ಪಟ್ಟಿ) ನೋಂದಣಿ, ಈ ಮೂರರ ಪ್ರತಿ ಫಾರ್ಮಸಿ ಫೈಲಿಗೆ ಸೇರುವ ತನಕ ಮೊದಲ ರೋಗಿಗೆ ಔಷಧಿ ಕೊಡಬೇಡಿ.

ಪ್ರತಿ ಟ್ರಯಲ್‌ಗೆ ಕನಿಷ್ಠ ಇಬ್ಬರನ್ನು ತಯಾರು ಮಾಡಿ. ಒಬ್ಬರನ್ನೇ ನೆಚ್ಚಿಕೊಂಡರೆ ಅವರು ರಜೆ ಹಾಕಿದ ದಿನ ರೋಗಿ ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಡೆಲಿಗೇಶನ್ ಲಾಗ್‌ನಲ್ಲಿ (ಟ್ರಯಲ್‌ನ ಯಾವ ಕೆಲಸ ಯಾರಿಗೆ ಎಂಬ ಪಟ್ಟಿ) ಸಹಿ, ದಿನಾಂಕ ಬೀಳದವರು ಟ್ರಯಲ್ ಔಷಧಿ ಮುಟ್ಟಬಾರದು. ಫಾರ್ಮಸಿ ಮ್ಯಾನ್ಯುಯಲ್‌ನ (ಆ ಟ್ರಯಲ್‌ನ ಔಷಧಿ ಇಡುವ, ತಯಾರಿಸುವ ಕೈಪಿಡಿ) ಹೊಸ ಆವೃತ್ತಿ ಬಂದ ದಿನವೇ ಹಳೆಯದಕ್ಕೆ ‘ರದ್ದು’ ಎಂದು ಬರೆದು ಶೆಲ್ಫಿನಿಂದ ತೆಗೆಯಿರಿ. ಇಲ್ಲದಿದ್ದರೆ ರಾತ್ರಿ ಪಾಳಿಯವರು ಹಳೆಯದನ್ನೇ ನೋಡಿ ಡೋಸ್ ತಯಾರಿಸುವ ಅಪಾಯವಿದೆ.

ಫ್ರಿಜ್‌ನಲ್ಲಿಡಬೇಕಾದ ಔಷಧಿಯ ಪೆಟ್ಟಿಗೆ ಬಂದ ಕೂಡಲೇ ಒಳಗಿನ ಟೆಂಪರೇಚರ್ ಲಾಗರ್ (ದಾರಿಯುದ್ದಕ್ಕೂ ತಾಪಮಾನ ದಾಖಲಿಸುವ ಸಾಧನ) ನಿಲ್ಲಿಸಿ, ಔಷಧಿಯನ್ನು ಫ್ರಿಜ್‌ಗೆ ಇಡಿ. ಕಿಟ್ (ಟ್ರಯಲ್ ಔಷಧಿಯ ನಂಬರ್ ಹಾಕಿದ ಪ್ಯಾಕ್) ನಂಬರ್, ಬ್ಯಾಚ್, ಎಕ್ಸ್‌ಪೈರಿ ತಾಳೆ ನೋಡುವುದು ಆಮೇಲೆ. ಲಾಗರ್ ಓಡುತ್ತಲೇ ಮೇಜಿನ ಮೇಲೆ ಉಳಿದರೆ ಕೋಣೆಯ ಬಿಸಿಯೂ ಅದರಲ್ಲಿ ದಾಖಲಾಗಿ, ಸರಿಯಾಗಿ ಬಂದ ಔಷಧಿಯೂ ತಡೆಹಿಡಿಯಲ್ಪಡುತ್ತದೆ.

ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ದಾಟಿದರೆ ಔಷಧಿ ಬಿಸಾಡಬೇಡಿ, ಯಾರಿಗೂ ಕೊಡಲೂಬೇಡಿ. ಸರಿಯಾದ ತಾಪಮಾನವಿರುವ ಇನ್ನೊಂದು ಫ್ರಿಜ್‌ಗೆ ಸಾಗಿಸಿ, ‘ಕ್ವಾರಂಟೈನ್’ ಚೀಟಿ ಅಂಟಿಸಿ. ಮುಟ್ಟಿದ ಗರಿಷ್ಠ ಅಥವಾ ಕನಿಷ್ಠ ತಾಪಮಾನ, ಎಷ್ಟು ನಿಮಿಷ, ಯಾವ ಕಿಟ್‌ಗಳು, ಇದೇ ಕಿಟ್‌ಗಳಿಗೆ ಹಿಂದೆಯೂ ಹೀಗಾಗಿತ್ತೇ, ಇಷ್ಟನ್ನೂ ಸ್ಪಾನ್ಸರ್‌ಗೆ (ಟ್ರಯಲ್ ನಡೆಸುವ ಕಂಪನಿ ಅಥವಾ ಸಂಸ್ಥೆಗೆ) ಬರೆಯಿರಿ. ಲಿಖಿತ ಉತ್ತರ ಬರುವ ತನಕ ಕಾಯಿರಿ. ಫೋನಿನಲ್ಲಿ ‘ಪರವಾಗಿಲ್ಲ’ ಎಂದದ್ದು ಸಾಲದು. ಬಿಸಿಯಷ್ಟೇ ಭಯ ತಂಪಿಗೂ ಇರಲಿ. ಆಂಟಿಬಾಡಿ ಔಷಧಿಗಳು ಹೆಪ್ಪುಗಟ್ಟಿದರೆ ಪ್ರೋಟೀನ್ ಕೆಡಬಹುದು, ಕರಗಿದ ಮೇಲೆ ಕಣ್ಣಿಗೆ ಚೆನ್ನಾಗಿಯೇ ಕಾಣಬಹುದು. ಕಿಟ್‌ಗಳನ್ನು ಫ್ರಿಜ್‌ನ ಹಿಂಗೋಡೆಗೆ ತಾಗಿಸಿ ಇಡಬೇಡಿ.

ವಾಪಸ್ ಬಂದ ಮಾತ್ರೆಗಳನ್ನು ರೋಗಿಯ ಭೇಟಿಯ ನಿಜವಾದ ದಿನಾಂಕ ಹಿಡಿದು ಎಣಿಸಿ. 60 ಮಾತ್ರೆ ಕೊಟ್ಟು, ದಿನಕ್ಕೆರಡರಂತೆ 28 ದಿನವಾಗಿದ್ದರೆ 4 ಉಳಿಯಬೇಕು. 9 ಬಂದರೆ 5 ಡೋಸ್ ತಪ್ಪಿದೆ: 56ಕ್ಕೆ 51, ಅಂದರೆ ಸುಮಾರು ಶೇ. 91. ಆದರೆ ರೋಗಿ 26ನೇ ದಿನಕ್ಕೇ ಬಂದಿದ್ದರೆ 8 ಉಳಿಯುವುದೇ ಸರಿ, ತಪ್ಪಿದ್ದು ಒಂದೇ ಡೋಸ್. ಒಂದೇ ಉಳಿದಿದ್ದರೆ ಹೆಚ್ಚು ನುಂಗಿದರೋ ಕಳೆದುಹೋಯಿತೋ ಎಂದು ಗದರದೆ ಕೇಳಿ. ಬೈಗುಳಕ್ಕೆ ಹೆದರಿದ ರೋಗಿ ಮುಂದಿನ ಸಲ ಮಾತ್ರೆ ಎಸೆದು ಖಾಲಿ ಡಬ್ಬಿ ತಂದಾರು, ಆಗ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ.

ಯಾರಿಗೆ ಔಷಧಿ, ಯಾರಿಗೆ ಪ್ಲಸೀಬೊ (ಔಷಧಿಯಿಲ್ಲದ ನಕಲು) ಎಂಬುದನ್ನು ಮುಚ್ಚಿಡುವ ಬ್ಲೈಂಡ್ ಟ್ರಯಲ್‌ಗಳಲ್ಲಿ ಗುಟ್ಟು ಸೋರುವುದು ಸಣ್ಣಪುಟ್ಟ ಸಂಗತಿಗಳಿಂದ. ಔಷಧಿ ತುಸು ಹಳದಿ, ಪ್ಲಸೀಬೊ ತಿಳಿ ಇದ್ದರೆ ಎರಡೂ ಬ್ಯಾಗ್‌ಗಳಿಗೆ, ಟ್ಯೂಬ್‌ಗೂ ಸೇರಿ, ಒಂದೇ ಬಗೆಯ ಕವರ್ ಹಾಕಿ. ಔಷಧಿ ಕಲಸಲು 40 ನಿಮಿಷ, ಪ್ಲಸೀಬೊಗೆ 5 ನಿಮಿಷ ಎಂದಾದರೆ ಕಾಯುವ ನರ್ಸ್‌ಗೆ ತಾನಾಗಿಯೇ ಗೊತ್ತಾಗುತ್ತದೆ. ಎರಡನ್ನೂ ಒಂದೇ ಅಂತರದಲ್ಲಿ ವಾರ್ಡಿಗೆ ಕಳಿಸಿ. ಗುಟ್ಟು ಗೊತ್ತಿರುವ ಫಾರ್ಮಸಿಸ್ಟ್‌ನ ಫೈಲು, ಇಮೇಲ್, ಮಾನಿಟರ್ (ಸ್ಪಾನ್ಸರ್ ಪರವಾಗಿ ದಾಖಲೆ ಪರಿಶೀಲಿಸಲು ಬರುವವರು) ಎಲ್ಲವೂ ಬೇರೆಯೇ ಇರಲಿ. ತುರ್ತಿನಲ್ಲಿ ಕೋಡ್ ಬಿಡಿಸುವ, ಅಂದರೆ ರೋಗಿಗೆ ಕೊಟ್ಟದ್ದೇನು ಎಂದು ತೆರೆದು ನೋಡುವ ನಿರ್ಧಾರ ಇನ್ವೆಸ್ಟಿಗೇಟರ್‌ರದು (ಟ್ರಯಲ್‌ನ ಹೊಣೆ ಹೊತ್ತ ವೈದ್ಯರದು). ಫಾರ್ಮಸಿಗೆ ಅದರಲ್ಲಿ ಪಾತ್ರವಿದ್ದರೆ ವಿಧಾನ ರಾತ್ರಿ ಪಾಳಿಯವರಿಗೂ ತಿಳಿದಿರಬೇಕು.

ಉಳಿದ, ವಾಪಸಾದ ಕಿಟ್‌ಗಳನ್ನು ಮಾನಿಟರ್ ಎಣಿಸಿ ಸಹಿ ಹಾಕಿ, ಸ್ಪಾನ್ಸರ್ ಬರವಣಿಗೆಯಲ್ಲಿ ಒಪ್ಪಿದ ಮೇಲೆಯೇ ನಾಶಕ್ಕೆ ಕಳಿಸಿ. ನಾಶದ ಪ್ರಮಾಣಪತ್ರದಲ್ಲಿ ಕಿಟ್ ನಂಬರ್‌ಗಳು ಇವೆಯೇ ನೋಡಿ. ಬರೀ ಕಿಲೋ ಲೆಕ್ಕವಿದ್ದರೆ ಕಿಟ್‌ಗಳ ಪಟ್ಟಿಯನ್ನು ಜೊತೆಗೆ ಲಗತ್ತಿಸಲು ಹೇಳಿ.